ಐದೂವರೆಯ ಕ್ಲಾಸು

ನಮ್ಮ ಮನೆಗೆ ಇಪ್ಪತ್ತೆರಡು ಮೆಟ್ಟಿಲು. ಗಣಿತ ಕಲಿಸಿ ನಿವೃತ್ತನಾದವನು ಮನೆಯ ಮೆಟ್ಟಿಲು ಎಣಿಸದೆ ಇನ್ನೇನು ಮಾಡುತ್ತಾನೆ ಎಂದು ನೀವು ನಗಬಹುದು. ನಗಿ. ಹೋದ ತಿಂಗಳು ಒಂದು ಸಂಜೆ, ಹತ್ತು ವರ್ಷದ ನನ್ನ ಮೊಮ್ಮಗಳು ಆರೋಹಿ ಶಾಲೆಯಿಂದ ಬಂದವಳು ಹದಿನಾಲ್ಕನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಹಣೆಯ ತುಂಬ ಬೆವರು, ಏದುಸಿರು. ನಾನು ಮೇಲಿನಿಂದ ಇಣುಕಿ ನೋಡಿದೆ.

"ಮುತ್ಯಾ, ನಮ್ಮ ಮನಿಗಿ ಲಿಫ್ಟ್ ಯಾಕಿಲ್ಲ?" ಎಂದು ಕೇಳಿದಳು.

ಇಳಿದು ಹೋಗಿ ಅವಳ ಚೀಲ ತೆಗೆದುಕೊಂಡೆ. ಅವಳು ಕೂತಲ್ಲೇ ಬೂಟು ಬಿಚ್ಚಿ ನನ್ನ ಕೈಗಿಟ್ಟಳು. ಜೂನಿನಲ್ಲಿ ಶಾಲೆ ಶುರುವಾದಾಗ ಕೊಂಡ ಬೂಟು. ಈಗ ದೀಪಾವಳಿ ಹತ್ತಿರ ಬಂದಿತ್ತು. ತಿರುವಿ ನೋಡಿದರೆ ತಳದಲ್ಲಿ ಅಂಗಡಿಯವನು ಅಂಟಿಸಿದ್ದ ಸೈಜಿನ ಚೀಟಿ ಇನ್ನೂ ಅರ್ಧ ಹಾಗೇ ಇತ್ತು.

ಈ ವಯಸ್ಸಿನ ಗಂಡಸರು ಇಂಥ ಹೊತ್ತಿನಲ್ಲಿ 'ನಮ್ಮ ಕಾಲದಾಗ' ಎಂದು ಶುರು ಮಾಡುವುದುಂಟು. ನನಗೆ ಆ ಹಕ್ಕಿಲ್ಲ. ನಮ್ಮ ಕಾಲದಲ್ಲಿ ನಾನು ಓಡಿದವನಲ್ಲ. ಭಾಲ್ಕಿ ಹತ್ತಿರದ ನನ್ನ ಹಳ್ಳಿಯಲ್ಲಿ ಕಬಡ್ಡಿಗೆ ಎರಡು ಗುಂಪು ಮಾಡುವಾಗ ನನ್ನನ್ನು ಕೊನೆಗೆ ಆರಿಸುತ್ತಿದ್ದರು. ಆರಿಸುತ್ತಿದ್ದರು ಎನ್ನುವುದೂ ದೊಡ್ಡ ಮಾತಾಯಿತು, ಉಳಿದವನು ನಾನೊಬ್ಬನೇ ಆಗಿರುತ್ತಿದ್ದೆ. ಇದನ್ನೇಕೆ ಹೇಳುತ್ತಿದ್ದೇನೆಂದರೆ, ಆ ಬೂಟಿನ ಸವೆಯದ ತಳದಲ್ಲಿ ನನ್ನದೂ ಒಂದು ಪಾಲಿದೆ. ಅದನ್ನು ಮೊನ್ನೆ ಮೊನ್ನೆಯವರೆಗೆ ಯಾರ ಮುಂದೆಯೂ ಪೂರ್ತಿಯಾಗಿ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ.

ನಾನು ಗಡಿಯಾಚೆಯ ನಿಲಂಗಾಕ್ಕೆ ಬಂದದ್ದು ಹೆಂಡತಿಯ ಅಣ್ಣನಿಂದ. ಅವರದು ಇಲ್ಲಿ ಬಟ್ಟೆಯಂಗಡಿ, ನಾಲ್ಕು ಜನರ ಪರಿಚಯ. ಅವರ ಮಾತಿನ ಮೇಲೆ ಒಂದು ಮರಾಠಿ ಶಾಲೆಯಲ್ಲಿ ಗಣಿತದ ನೌಕರಿ ಸಿಕ್ಕಿತು. ಗಣಿತ ನನಗೆ ಬರುತ್ತಿತ್ತು, ಮರಾಠಿ ಅಷ್ಟಕ್ಕಷ್ಟೇ. ಆ ಭಾಷೆಯಲ್ಲಿ ಗೋಡೆ, ಬಾಗಿಲು, ಗೆರೆ ಎಲ್ಲಕ್ಕೂ ಗಂಡು ಹೆಣ್ಣೆಂದು ಉಂಟು. ತ್ರಿಕೋಣ ಗಂಡು, ಬಂತು ಎನ್ನಲು 'ಆಲಾ' ಎನ್ನಬೇಕು. ನಾನು ಬಂದಳು ಎಂಬರ್ಥದ 'ಆಲಿ' ಎನ್ನುತ್ತಿದ್ದೆ. ತ್ರಿಕೋಣಕ್ಕೆ ಸೀರೆ ಉಡಿಸುವ ಸರ್ ಎಂದು ಮಕ್ಕಳು ನನ್ನ ಬೆನ್ನ ಹಿಂದೆ ನಗುತ್ತಿದ್ದರು. ನನಗೆ ಅದು ಗೊತ್ತಿತ್ತು. ಅದಕ್ಕೇ ಇನ್ನಷ್ಟು ಬಿಗಿಯಾದೆ, ಕೈಯಲ್ಲಿ ಅಡಿಪಟ್ಟಿ ಹಿಡಿದು ನಡೆಯತೊಡಗಿದೆ.

ಅದೇ ಶಾಲೆಯಲ್ಲಿ ಪಿ.ಟಿ. ಕಲಿಸುತ್ತಿದ್ದವರು ದಿಗಂಬರ ಸರ್. ವಲಾಂಡಿಯವರು. ತಾಯಿಯ ತವರು ಕಮಲನಗರದ ಕಡೆ ಆದ್ದರಿಂದ ನಮ್ಮ ಕನ್ನಡ ಅವರಿಗೆ ಸಲೀಸು. ಗಿಡ್ಡ ಆಳು, ಸ್ವಲ್ಪ ಬಾಗಿದ ಕಾಲು, ಬಿಸಿಲಿಗೆ ಬಣ್ಣ ಹೋದ ಟೋಪಿ. ಅವರಲ್ಲಿ ಅಂಥದ್ದೇನಿತ್ತು ಎಂದು ನಾನು ವರ್ಷಗಟ್ಟಲೆ ಯೋಚಿಸಿದ್ದೇನೆ. ನಾನು ವರಾಂಡದಲ್ಲಿ ನಡೆದರೆ ಮಕ್ಕಳು ಗೋಡೆಗೆ ಸರಿದು ದಾರಿ ಬಿಡುತ್ತಿದ್ದರು. ಅವರು ನಡೆದರೆ ಮಕ್ಕಳು ಹಿಂದೆ ಹಿಂದೆ ಹೋಗುತ್ತಿದ್ದರು.

ಆಮೇಲೆ ಭೂಕಂಪವಾಯಿತು. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಜನ ಬೆಳಗಿನ ಜಾವ ಬೀದಿಯಲ್ಲಿದ್ದರು. ಕಿಲ್ಲಾರಿ ಕಡೆಯ ಊರುಗಳ ಕಥೆ ನಿಮಗೆ ಗೊತ್ತಿರುವುದೇ. ನಮ್ಮ ಮನೆಯ ಒಂದು ಗೋಡೆ ಸೀಳಿತು, ಶಾಲೆಯ ಕಟ್ಟಡ ಯಾರೂ ಒಳಗೆ ಕಾಲಿಡಬಾರದ ಹಾಗಾಯಿತು. ಮೈದಾನದ ಅಂಚಿನಲ್ಲಿ ತಗಡಿನ ಶೆಡ್ಡು ಹಾಕಿ ಪಾಠ ಶುರು ಮಾಡಿದೆವು. ಆದರೆ ತಗಡೇ ಇರಲಿ, ತಲೆಯ ಮೇಲೆ ಏನಾದರೂ ಇದೆ ಎಂದರೆ ಮಕ್ಕಳಿಗೆ ಭಯ. ರಸ್ತೆಯಲ್ಲಿ ಲಾರಿ ಹೋಗಿ ನೆಲ ಸ್ವಲ್ಪ ಅದುರಿದರೂ ಸಾಕು, ಇಡೀ ತರಗತಿ ಎದ್ದು ಹೊರಗೋಡುತ್ತಿತ್ತು. ಭಿನ್ನರಾಶಿ ಹೇಳುತ್ತಿದ್ದ ನಾನು ಕೈಯಲ್ಲಿ ಸೀಮೆಸುಣ್ಣ ಹಿಡಿದು ಒಬ್ಬನೇ ನಿಂತಿರುತ್ತಿದ್ದೆ. ಬೈದೆ, ಹೆದರಿಸಿದೆ, ಬಾಗಿಲಿಗೆ ಬೆಂಚು ಅಡ್ಡ ಇಟ್ಟೆ. ಬೆಂಚು ಹಾರಿ ಓಡಿದರು.

ಒಂದು ದಿನ ದಿಗಂಬರ ಸರ್ ಆ ಬೆಂಚನ್ನು ಸರಿಸುತ್ತ ನನಗೆ ಹೇಳಿದರು: "ಸರ್, ಪಾರ್ಗೋಳು ಹೆದರಿ ಓಡ್ಲತ್ತಾವ. ಹೆಂಗೂ ಓಡ್ತಾವ ಅಂದಮ್ಯಾಲ ಆಟಾ ಆಡಿ ಓಡ್ಲಿ, ಬಿಡ್ರಿ."

ಅಂದಿನಿಂದ ಅವರು ಒಂದು ಪದ್ಧತಿ ಮಾಡಿದರು. ಲಾರಿ ಬಂದು ನೆಲ ಅದುರಿತೋ, ಅವರು ಸೀಟಿ ಊದುವುದು. ಎಲ್ಲ ಮಕ್ಕಳು ಓಡಿ ಮೈದಾನದ ಆಚೆಯ ಕಂಬ ಮುಟ್ಟಿ ವಾಪಸು ಬರುವುದು. ಮೊದಲು ಬಂದವರಿಗೆ ಚಪ್ಪಾಳೆ. ಒಂದು ವಾರದಲ್ಲಿ ಮಕ್ಕಳು ಲಾರಿಗಾಗಿ ಕಿವಿಗೊಟ್ಟು ಕೂರತೊಡಗಿದರು. ಎರಡು ವಾರಕ್ಕೆ ಓಡುವಾಗ ನಗುತ್ತಿದ್ದರು. ಆಮೇಲೆ ಅವರು ಎರಡು ಕಂಬ ನೆಟ್ಟು, ಗೆರೆ ಎಳೆದು, ಶಾಲೆ ಬಿಟ್ಟ ಮೇಲೆ ಐದೂವರೆಗೆ ಖೋ-ಖೋ ಶುರು ಮಾಡಿದರು.

ಆಗ ಬಂದವಳು ಸುಮನ. ಹನ್ನೆರಡು ವರ್ಷದವಳು. ಅವಳ ಊರೇ ನೆಲಕ್ಕೆ ಬಿದ್ದಿತ್ತು, ಅದರೊಳಗೆ ಅವ್ವ ಮತ್ತು ತಮ್ಮ ಹೋಗಿದ್ದರು. ಅಪ್ಪ ಅವಳನ್ನು ನಿಲಂಗಾದ ಧಾನ್ಯ ಮಾರುಕಟ್ಟೆಯ ಹತ್ತಿರವಿದ್ದ ಚಿಕ್ಕಮ್ಮನ ಮನೆಗೆ ತಂದು ಬಿಟ್ಟಿದ್ದ. ಮಾತಾಡುತ್ತಿರಲಿಲ್ಲ. ಮೂಕಿಯಲ್ಲ, ಮಾತು ನಿಂತುಹೋಗಿತ್ತು. ನಾನು ನನ್ನ ರೀತಿಯಲ್ಲಿ ಪ್ರಯತ್ನ ಮಾಡಿದೆ. ನಾಲ್ಕು ತಿಂಗಳು ದಿನಾ ಅವಳನ್ನು ಎಬ್ಬಿಸಿ ಏಳರ ಮಗ್ಗಿ ಕೇಳಿದೆ. ಮೆತ್ತಗೆ ಕೇಳಿದೆ, ಅದು ನನ್ನ ಮಟ್ಟಿಗೆ ದೊಡ್ಡದು. ಅವಳು ನೆಲ ನೋಡುತ್ತ ನಿಂತಿರುತ್ತಿದ್ದಳು.

ದಿಗಂಬರ ಸರ್ ಅವಳನ್ನು ಏನೂ ಕೇಳಲಿಲ್ಲ. ಕೈ ಹಿಡಿದು ಕರೆದೊಯ್ದು ಖೋ-ಖೋ ಸಾಲಿನಲ್ಲಿ ಕೂರಿಸಿದರು. ಆ ಆಟ ನಿಮಗೆ ಗೊತ್ತಲ್ಲ, ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬರು ಬೆನ್ನಟ್ಟುತ್ತಾರೆ. ಬೆನ್ನಟ್ಟುವವರು ಕೂತವರ ಬೆನ್ನು ಮುಟ್ಟಿ 'ಖೋ' ಎಂದರೆ ಅವರು ಎದ್ದು ಓಡಬೇಕು. ಮುಟ್ಟಿದರೆ ಸಾಲದು, ಬಾಯಿಬಿಟ್ಟು ಅನ್ನಬೇಕು, ಇಲ್ಲದಿದ್ದರೆ ತಪ್ಪು. ಸುಮನಳ ಬೆನ್ನು ಯಾರೋ ಮುಟ್ಟಿದರು, ಅವಳು ಎದ್ದು ಓಡಿದಳು. ಓಡಿದಳು ಎಂದರೆ, ನಾವೆಲ್ಲ ಶೆಡ್ಡಿನಿಂದ ಹೊರಗೆ ಬಂದು ನೋಡಿದೆವು, ಹಾಗೆ ಓಡಿದಳು. ಆದರೆ ಮುಂದಿನವಳ ಬೆನ್ನು ಮುಟ್ಟಿ ಸುಮ್ಮನೆ ನಿಂತಳು. ದಿಗಂಬರ ಸರ್ ಸೀಟಿ ಊದಿ 'ಫೌಲ್' ಎಂದರು. ಪಾಪ ಎನ್ನಲಿಲ್ಲ, ಬಿಟ್ಟುಕೊಡಲಿಲ್ಲ. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಅವಳು ಒಬ್ಬ ಹುಡುಗಿಯ ಬೆನ್ನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಳು. ಕೂತವಳು ಏಳಲಿಲ್ಲ, ಓಡುತ್ತಿದ್ದವರೂ ನಿಂತರು. ಆಮೇಲೆ ಅವಳ ಗಂಟಲಿನಿಂದ ಗೊಗ್ಗರು ದನಿಯಲ್ಲಿ 'ಖೋ' ಬಂತು.

ಮುಖ್ಯ ಅಧ್ಯಾಪಕರು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳಲ್ಲ. ಆದರೆ ಆ ನೀರು ಒಣಗುವ ಮೊದಲೇ ಹೊಟ್ಟೆಯಲ್ಲಿ ಕಿಚ್ಚು ಹತ್ತಿತ್ತು. ನಾಲ್ಕು ತಿಂಗಳು ನಾನು ಕೇಳಿದ ಮಗ್ಗಿಗೆ ತೆರೆಯದ ಬಾಯಿ ಈ ಟೋಪಿಯವನಿಗೆ ಮೂರು ದಿನಕ್ಕೆ ತೆರೆಯಿತಲ್ಲ ಎಂದು. ತಾಯಿಯನ್ನು ಕಳೆದುಕೊಂಡ ಹುಡುಗಿಗೆ ಮಾತು ಮರಳಿದ ಗಳಿಗೆಯಲ್ಲಿ ಒಬ್ಬ ಗೃಹಸ್ಥ ಹೀಗೆ ಯೋಚಿಸಬಹುದೇ ಎಂದು ನೀವು ಕೇಳಿದರೆ, ಯೋಚಿಸಿದವನೇ ನಿಮ್ಮ ಮುಂದೆ ಕೂತಿದ್ದಾನೆ.

ಮನೆಯಲ್ಲೂ ನನಗೆ ಇದರಿಂದ ಬಿಡುಗಡೆಯಿರಲಿಲ್ಲ. ನನ್ನ ಮಗ ಶಿವು ಆಗ ಹನ್ನೊಂದರವನು. ಊಟಕ್ಕೆ ಕೂತರೆ ಅವನ ಬಾಯಲ್ಲಿ ಒಬ್ಬರದೇ ಹೆಸರು.

"ಅಪ್ಪಾ, ನೀರು ಕುಂತು ಕುಡಿಬೇಕಂತ. ದಿಗಂಬರ ಸರ್ ಹೇಳ್ಯಾರ."

"ಅದು ನಾ ನಿನಗ ಎರಡು ವರ್ಷದಿಂದ ಹೇಳ್ಲತ್ತೀನಿ," ಎಂದೆ.

"ಹೂಂ, ಆದ್ರ ಅವರು ಹೇಳಿದ್ರು," ಎಂದ ಮಗ, ಯಾವ ಕೆಡುಕೂ ಇಲ್ಲದೆ.

ಮುಂದಿನ ಜೂನಿನಲ್ಲಿ ನಾನು ಮನೆಯ ಹೊರಕೋಣೆಯಲ್ಲಿ ಗಣಿತದ ಕ್ಲಾಸು ಶುರು ಮಾಡಿದೆ. ಬೆಳಿಗ್ಗೆ ಏಳಕ್ಕೆ ಮಾಡಬಹುದಿತ್ತು. ಬೆಳಗಿನ ಹೊತ್ತು ನನಗೆ ಪೂರ್ತಿ ಖಾಲಿ ಇತ್ತು. ಐದೂವರೆಗೆ ಇಟ್ಟೆ. ಮೊದಲ ವರ್ಷ ಫೀ ಸಹ ತೆಗೆದುಕೊಳ್ಳಲಿಲ್ಲ. ನಾನು ಯಾವುದರ ಬೆನ್ನು ಹತ್ತಿದ್ದೆ ಎಂಬುದು ಇದರಿಂದಲೇ ನಿಮಗೆ ಹೊಳೆಯಬೇಕು. ಐದೂವರೆಯೇ ಯಾಕೆ ಎಂದು ಪಾಲಕರು ಕೇಳಿದರೆ, ಆ ಹೊತ್ತಿಗೆ ಮೆದುಳು ಬಹಳ ಚುರುಕಾಗಿರುತ್ತದೆ ಎಂದೆ. ಎಲ್ಲಿ ಓದಿದ್ದೆ? ಎಲ್ಲೂ ಇಲ್ಲ. ಇನ್ನೊಂದು ಮಾತೂ ಹೇಳುತ್ತಿದ್ದೆ: "ಕಟ್ಟಿದ ಮನಿ ಬಿದ್ದದ್ದು ನೋಡೀರಿ. ನೌಕರಿ ಹಾಂಗ ಬೀಳಂಗಿಲ್ರೀ. ಮೈದಾನದಾಗ ಓಡಿದ್ರ ನೌಕರಿ ಬರ್ತದೇನು?" ಭೂಕಂಪ ಕಂಡು ಬಂದ ತಂದೆ ತಾಯಿಗೆ ಈ ಮಾತು ಎಲ್ಲಿ ತಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಮಕ್ಕಳ ಕಾಲಿನ ಕೆಳಗೆ ಏನಾದರೂ ಗಟ್ಟಿಯಾದದ್ದು ಬೇಕೆಂದು ಅವರು ಹುಡುಕುತ್ತಿದ್ದರು. ಅದನ್ನು ಕೊಡುವವನು ನಾನೆಂದು ನಂಬಿಸಿದೆ.

ಮೊದಲು ಬಂದವರು ಆರು ಮಂದಿ. ಅದರಲ್ಲಿ ಒಬ್ಬ ಶಿವು, ತಾನಾಗಿ ಬಂದವನಲ್ಲ, ನಾನು ತಂದು ಕೂರಿಸಿದವನು. ಹೊರಕೋಣೆಗೆ ಒಂದೇ ಕಿಟಕಿ. ಅದರಿಂದ ಎರಡು ಮನೆಗಳ ನಡುವಿನ ಸಂದಿಯಲ್ಲಿ ಮೈದಾನದ ಒಂದು ತುಂಡು ಕಾಣುತ್ತಿತ್ತು. ಶಿವು ಅದಕ್ಕೆ ಮುಖ ಮಾಡಿ ಕೂರುತ್ತಿದ್ದ. ಒಂದು ವಾರ ನೋಡಿ ಅವನನ್ನು ಈಚೆ ತಿರುಗಿಸಿ ಕೂರಿಸಿದೆ. ಆಮೇಲೆ ಆ ಕಿಟಕಿ ನೋಡುವವನು ನಾನೊಬ್ಬನೇ ಉಳಿದೆ. ನನ್ನ ಚಾಪೆಯ ಮೇಲೆ ಎಷ್ಟು, ಅಲ್ಲಿ ಎಷ್ಟು ಎಂದು ದಿನಾ ಎಣಿಸುತ್ತಿದ್ದೆ. ಇಲ್ಲಿ ಒಬ್ಬರು ಹೆಚ್ಚಿದರೆ ಅಲ್ಲಿ ಒಬ್ಬರು ಕಡಿಮೆ. ಇಷ್ಟು ಸರಳವಾದ, ಇಷ್ಟು ಖುಷಿಕೊಟ್ಟ ವ್ಯವಕಲನ ನಾನು ಬೇರೆ ಮಾಡಿಲ್ಲ.

ಸುಮನ ಮಾತ್ರ ಬರಲಿಲ್ಲ. ಅವಳ ಚಿಕ್ಕಮ್ಮನ ಮನೆಗೆ ನಾನು ಎರಡು ಸಲ ಹೋಗಿ ಹೇಳಿದೆ. ಆ ಹೆಣ್ಣುಮಗಳು ಚಹಾ ಕೊಟ್ಟು ಹೇಳಿದಳು: "ಆಕಿ ಓಡಿ ಬಂದ ದಿನ ಹೊಟ್ಟಿ ತುಂಬ ಉಣ್ತಾಳ್ರೀ ಸರ್. ನಂಗ ಅಷ್ಟೇ ಸಾಕು."

ಸುಮನ ಒಂಬತ್ತನೆಯ ತರಗತಿಗೆ ಬಂದ ವರ್ಷ ನಮ್ಮ ಶಾಲೆಯ ಹುಡುಗಿಯರ ತಂಡ ತಾಲೂಕಿನಲ್ಲಿ ಗೆದ್ದಿತು. ಜಿಲ್ಲೆಯ ಪಂದ್ಯ ಉದಗೀರದಲ್ಲಿ, ಒಂದು ಶನಿವಾರ. ಖೋ-ಖೋಗೆ ಒಂಬತ್ತು ಮಂದಿ ಬೇಕೇ ಬೇಕು. ತಂಡದ ಹತ್ತು ಮಂದಿಯಲ್ಲಿ ಮೂವರು ನನ್ನ ಕ್ಲಾಸಿನ ಹುಡುಗಿಯರು. ಐದೂವರೆಗೆ ನನ್ನಲ್ಲಿ ಕೂತು, ಬೆಳಿಗ್ಗೆ ಎದ್ದು ಕದ್ದು ಅಭ್ಯಾಸ ಮಾಡುತ್ತಿದ್ದರು. ಆ ಶನಿವಾರ ಬೆಳಿಗ್ಗೆಯೇ ನಾನು ಒಂದು ಪರೀಕ್ಷೆ ಇಟ್ಟೆ. ಪಾಲಕರಿಗೆಲ್ಲ ಹೇಳಿ ಕಳಿಸಿದೆ, ಇದು ಬಹಳ ಮುಖ್ಯವಾದ ಪರೀಕ್ಷೆ, ತಪ್ಪಿಸಿದರೆ ನನ್ನ ಜವಾಬ್ದಾರಿಯಿಲ್ಲ ಎಂದು.

ಶುಕ್ರವಾರ ಶಾಲೆ ಬಿಟ್ಟ ಮೇಲೆ ದಿಗಂಬರ ಸರ್ ನಮ್ಮ ಮನೆಗೆ ಬಂದರು. ಕೂರಿ ಎಂದರೆ ಕೂರಲಿಲ್ಲ, ಹೊಸ್ತಿಲ ಆಚೆ ಟೋಪಿ ಕೈಯಲ್ಲಿ ಹಿಡಿದು ನಿಂತರು.

"ಸರ್, ನಾಳಿ ಉದಗೀರಕ್ಕ ಹೊಂಟೀವಿ. ಏಳು ಮಂದಿ ಆಗ್ಯಾರ. ಇಬ್ಬರಿಗಿ ಬಿಡ್ರಿ, ಸಾಕು."

"ನಾ ಯಾರಿಗಿ ಹಿಡದೀನ್ರೀ? ಅವರ ಅಪ್ಪ-ಅವ್ವಗ ಕೇಳ್ರಿ."

"ಕೇಳೇ ಬಂದೀನಿ. ಗಣಿತದ ಸರ್ ಹೂಂ ಅಂದ್ರ ಕಳಸ್ತೀವಿ ಅಂತಾರ."

ಒಳಗೆ ಶಿವು ಪುಸ್ತಕ ಮುಚ್ಚಿದ ಸದ್ದು ಕೇಳಿಸಿತು. ನಾನು ದಿಗಂಬರ ಸರ್ ಮುಖ ನೋಡಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತ ಹೇಳಿದೆ: "ಒಬ್ಬರಿಗಿ ಬಿಟ್ರ ಎಲ್ಲಾರಿಗಿ ಬಿಡಬೇಕಾಗ್ತದ. ಆಗಂಗಿಲ್ರೀ ಸರ್."

"ಬರೋಬರ್ ಅದ," ಎಂದು ಅವರು ಟೋಪಿ ಹಾಕಿಕೊಂಡು ಹೋದರು. ಒಂದು ಮಾತು ಜಗಳ ಆಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಮೂವರು ಹುಡುಗಿಯರೂ ನನ್ನ ಚಾಪೆಯ ಮೇಲೆ ಕೂತು ಪರೀಕ್ಷೆ ಬರೆದರು. ಏಳು ಮಂದಿ ಎಸ್.ಟಿ. ಬಸ್ಸಿನಲ್ಲಿ ಉದಗೀರಕ್ಕೆ ಹೋದರು. ಅಲ್ಲಿ ಯಾವುದಾದರೂ ಉಪಾಯವಾದೀತು ಎಂದು ಹೋದದ್ದು. ಆಗಲಿಲ್ಲ. ಆಡದೆ ತಿರುಗಿ ಬಂದರೆಂದು ಸೋಮವಾರ ಬೆಳಿಗ್ಗೆ ಶಿಕ್ಷಕರ ಕೋಣೆಯಲ್ಲಿ ಕೇಳಿದೆ. ಯಾರೋ ಅಯ್ಯೋ ಎಂದರು. ನಾನೂ ಅಯ್ಯೋ ಎಂದೆ, ಉಳಿದವರಿಗಿಂತ ಸ್ವಲ್ಪ ಜೋರಾಗಿಯೇ.

ಮಧ್ಯಾಹ್ನ ವರಾಂಡದಲ್ಲಿ ಸುಮನ ಎದುರಾದಳು. "ಸರ್, ಶನಿವಾರದ ಪೇಪರ್ ಭಾಳ ಕಠಿಣ ಇತ್ತೇನ್ರೀ?" ಎಂದು ಕೇಳಿದಳು. ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ಗೆಳತಿಯರನ್ನು ಯಾವುದು ತಡೆದು ನಿಲ್ಲಿಸಿತೋ ಅದು ಅಷ್ಟು ದೊಡ್ಡದೇ ಇರಬೇಕೆಂದು ಅವಳು ನಿಜವಾಗಿ ನಂಬಿದ್ದಳು. ನಾನು ಹೂಂ ಎಂದೆ. ಆ ಪೇಪರುಗಳನ್ನು ನಾನು ತಿದ್ದಲೇ ಇಲ್ಲ. ಅಲಮಾರದ ಮೇಲೆ ಹಾಗೇ ಬಿದ್ದಿದ್ದವು, ಆಮೇಲೆ ಯಾವ ರದ್ದಿಗೆ ಹೋದವೋ.

ಮುಂದೆ ನಡೆದದ್ದರಲ್ಲಿ ನನ್ನದೊಬ್ಬನದೇ ಕೈ ಎಂದು ಹೇಳಿಕೊಳ್ಳುವುದೂ ಒಂದು ದೊಡ್ಡಸ್ತಿಕೆಯಾದೀತು. ಕಾಲವೇ ಆ ಕಡೆ ಸಾಗಿತ್ತು. ಮುಂದಿನ ವರ್ಷ ಪಿ.ಟಿ.ಯ ಎರಡು ಪೀರಿಯಡ್ಡು ಗಣಿತಕ್ಕೆ ಬಂದವು. ಮೈದಾನದ ಅರ್ಧದಲ್ಲಿ ಹೊಸ ಕಟ್ಟಡ ಎದ್ದಿತು, ಉಳಿದರ್ಧದಲ್ಲಿ ಮೊದಲು ಸೈಕಲ್ಲು, ಆಮೇಲೆ ಮೋಟಾರ್ ಸೈಕಲ್ಲು ನಿಂತವು. ದಿಗಂಬರ ಸರ್ ಪರೀಕ್ಷೆಗೆ ಕಾವಲು ಕೂರುವುದು, ಗಂಟೆ ಬಾರಿಸುವುದು ಮಾಡುತ್ತ ಕೆಲವು ವರ್ಷ ಇದ್ದು ಔರಾದ ಶಹಾಜನಿಯ ಶಾಲೆಗೆ ವರ್ಗವಾದರು. ಬೀಳ್ಕೊಡುಗೆಯಲ್ಲಿ ಎಲ್ಲರಿಗಿಂತ ಉದ್ದದ ಭಾಷಣ ನನ್ನದು. ಹೊಗಳಿದ್ದೇ ಹೊಗಳಿದ್ದು. ಹೋಗುವವರನ್ನು ಹೊಗಳುವುದು ಎಷ್ಟು ಸುಲಭ ನೋಡಿ.

ಅಷ್ಟು ಹೊತ್ತಿಗೆ ನಿಲಂಗಾದಲ್ಲಿ ನನ್ನ ಹೆಸರು ದೊಡ್ಡದಾಗಿತ್ತು. ನನ್ನ ಶಿಷ್ಯರೇ ಅಲ್ಲಲ್ಲಿ ಕ್ಲಾಸು ತೆರೆದರು. ಅವರಲ್ಲಿ ವಿನಾಯಕ ಎಂಬವನದು ಈಗ ಮೂರು ಅಂತಸ್ತು. ಎಲ್ಲರದೂ ಐದೂವರೆಗೇ, ಗುರುಗಳು ಹಾಕಿಕೊಟ್ಟ ಪದ್ಧತಿ. ಸಂಜೆ ಐದಕ್ಕೆ ನೀವು ನಮ್ಮೂರಿನ ಬಸ್ ನಿಲ್ದಾಣದ ಹತ್ತಿರ ನಿಂತರೆ ಕಾಣುತ್ತದೆ: ಆಟೋ ತುಂಬ ಮಕ್ಕಳು, ಮಡಿಲಲ್ಲಿ ಚೀಲ, ಒಂದು ಕ್ಲಾಸಿನಿಂದ ಇನ್ನೊಂದಕ್ಕೆ. ನನ್ನ ಶಿವು ಕೋರ್ಟಿನಲ್ಲಿ ಗುಮಾಸ್ತ. ಒಳ್ಳೆಯ ಮಗ. ನಲವತ್ತಕ್ಕೆ ಮೊದಲೇ ಬಿ.ಪಿ. ಗುಳಿಗೆ ಶುರುವಾಯಿತು.

ಎರಡು ವರ್ಷದ ಹಿಂದೆ ದಿಗಂಬರ ಸರ್ ವಲಾಂಡಿಯಲ್ಲಿ ತೀರಿಕೊಂಡರು. ಮೂರನೆಯ ದಿನ ನಾನೂ ಹೋದೆ. ಅಂಗಳ ತುಂಬ ಜನ. ನೆಂಟರೆಂದುಕೊಂಡೆ, ಅಲ್ಲ, ವಿದ್ಯಾರ್ಥಿಗಳು. ನಿಲಂಗಾದವರು, ಔರಾದದವರು, ಉಮರ್ಗಾದಿಂದ ಒಬ್ಬ ಟ್ರ್ಯಾಕ್ಟರ್ ಮೆಕ್ಯಾನಿಕ್, ಮಕ್ಕಳನ್ನು ಎತ್ತಿಕೊಂಡು ಬಂದ ಹೆಣ್ಣುಮಕ್ಕಳು. ನಾನು ಅಲ್ಲಿ ಕೂತು ಏನು ಮಾಡಿದೆ ಗೊತ್ತೇ? ಎಣಿಸಿದೆ. ನಾನು ಸತ್ತರೆ ಇದರಲ್ಲಿ ಎಷ್ಟು ಮಂದಿ ಬಂದಾರು ಎಂದು ಲೆಕ್ಕ ಹಾಕಿದೆ. ಸತ್ತವರ ಮೇಲೂ ಹೊಟ್ಟೆಕಿಚ್ಚು ಪಡಬಹುದೆಂದು ಅಂದು ತಿಳಿಯಿತು.

ಒಬ್ಬ ಹೆಂಗಸು ಬಂದು ನನ್ನ ಕಾಲು ಮುಟ್ಟಿದಳು. ಸುಮನ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನಿಲಂಗಾದಲ್ಲೇ ಜಿಲ್ಲಾ ಪರಿಷತ್ತಿನ ಶಾಲೆಯಲ್ಲಿ ಶಿಕ್ಷಕಿ ಎಂದಳು. ಅಂಗಳದ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕೂತಳು. ಏನಾಯಿತೋ, ಇಷ್ಟು ವರ್ಷ ಗಂಟಲಲ್ಲಿ ಇದ್ದದ್ದು ಹೊರಗೆ ಬಂತು.

"ಸುಮನ, ನಿಮ್ಮ ಉದಗೀರದ ಮ್ಯಾಚು ನಾ ಕೆಡಿಸೀನಿ. ಆ ಪರೀಕ್ಷಾ ನಾ ಬೇಕಂತನೇ ಇಟ್ಟಿದ್ದೆ."

ಅವಳು ನಕ್ಕಳು. "ಸರ್, ಅವತ್ತ ನಾವು ಅಳ್ಕೋತ ಮೈದಾನದಿಂದ ಹೊರಗ ಬಂದೀವಿ. ದಿಗಂಬರ ಸರ್ ನಮಗ ಉದಗೀರದ ಕಿಲ್ಲಾಕ್ಕ ಕರಕೊಂಡ್ ಹೋದ್ರು. ಓಡೋಣ ಅಂತ ಬಂದೀರಿ, ಓಡದೆ ಹೆಂಗ ಹೋಗ್ತೀರಿ ಅಂದ್ರು. ಬಸ್ಸಿನ ಹೊತ್ತಿನ ತನಕ ಕಿಲ್ಲಾದಾಗ ಓಡೇ ಓಡೀವಿ. ಅವರೂ ನಮ್ಮ ಸಂಗಟ ಓಡಿದ್ರು. ಅವ್ವ ಹೋದ ಮ್ಯಾಲ ನಾ ಅಷ್ಟು ನಕ್ಕಿದ್ದು ಅವತ್ತೇ."

ಕೇಳಿ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನನ್ನ ಪಾಪ ಅಷ್ಟು ದೊಡ್ಡದಲ್ಲ. ಒಂದು ನಿಮಿಷ ಹಗುರವಾಗಿ ಕೂತಿದ್ದೆ. ಅಷ್ಟರಲ್ಲಿ ಕಿಚ್ಚು ಮತ್ತೆ ಎದ್ದಿತು. ನಾನು ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಹೊತ್ತು ತಿರುಗಿದ ಆ ದಿನವನ್ನು ಆ ಮನುಷ್ಯ ಒಂದೇ ಮಧ್ಯಾಹ್ನದಲ್ಲಿ ಮಕ್ಕಳ ಪಾಲಿಗೆ ಹಬ್ಬ ಮಾಡಿಬಿಟ್ಟಿದ್ದನಲ್ಲ, ನಾನು ಮಾಡಿದ ಕೇಡನ್ನೂ ತನ್ನದು ಮಾಡಿಕೊಂಡನಲ್ಲ ಎಂದು.

ಸುಮನ ಏಳುತ್ತ ಇನ್ನೊಂದು ಮಾತು ಹೇಳಿದಳು: "ಆದ್ರ ಸರ್, ಮುಂದಿನ ವರ್ಷ ಟೀಮೇ ಇರಲಿಲ್ಲ. ಅದಕ್ಕ ಮಾತ್ರ ಅವರು ಭಾಳ ಅತ್ತಾರ."

ಆ ಮಾತು ಕೇಳಿಯೂ ನಾನು ಏನೂ ಮಾಡಲಿಲ್ಲ. ಊರಿಗೆ ಬಂದೆ, ಪೇಪರ್ ಓದಿದೆ, ಸಂಜೆ ವಾಕಿಂಗ್ ಹೋದೆ. ಎರಡು ವರ್ಷ ಹೀಗೇ ಕಳೆಯಿತು. ಆಮೇಲೆ ಹೋದ ತಿಂಗಳು ಆರೋಹಿ ಮೆಟ್ಟಿಲ ಮೇಲೆ ಕೂತಳು. ಡಾಕ್ಟರರು ನೋಡಿ, ರೋಗವೇನೂ ಇಲ್ಲ, ಈ ಕೂಸು ದಿನಾ ಒಂದು ತಾಸು ಓಡಲಿ ಎಂದರು.

ನಾನು ಶಿವುಗೆ ಹೇಳಿದೆ: "ನಾಳಿಂದ ಆಕಿಗಿ ಸುಮನ ಮ್ಯಾಡಮ್ ಕಡಿ ಕರಕೊಂಡ್ ಹೋಗ್ತೀನಿ. ಆಡತ ಬಜಾರದ ಹಿಂದ ಖೋ-ಖೋ ಕಲಸ್ತಾಳಂತ."

"ಐದೂವರಿಗಿ ಆಕಿ ಟ್ಯೂಷನ್ ಅದಲ್ಲ, ಅಪ್ಪಾ."

"ಬಿಡಸು."

ಶಿವು ನನ್ನ ಕಡೆ ತಿರುಗಿದ. "ಈ ಮಾತು ನೀ ಆವಾಗ ಅನ್ನಬೇಕಿತ್ತು," ಎಂದ. ದನಿ ಏರಿಸಲಿಲ್ಲ. ಎದ್ದು ಹೋಗಿ ಮಗಳ ಹಳೆಯ ಅಂಗಿ ಹುಡುಕಿ ತಂದಿಟ್ಟ.

ಧಾನ್ಯದ ಆ ಬಜಾರದ ಹಿಂದಿನ ಜಾಗದಲ್ಲಿ ಸೋಯಾಬೀನ್ ರಾಶಿ ಬಿದ್ದಿತ್ತು. ರಾಶಿ ಬಿಟ್ಟು ಉಳಿದ ನೆಲದಲ್ಲಿ ಸುಮನ ಗೆರೆ ಎಳೆದಿದ್ದಳು. ಮಕ್ಕಳು ಐದೇ ಮಂದಿ. ಆರೋಹಿ ಸೇರಿ ಆರು. ಯಾಕಿಷ್ಟು ಕಡಿಮೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸಂಜೆ ಐದೂವರೆಯ ಬಿಸಿಲು ನನ್ನ ಕಾಲ ಮೇಲೆ ಬಿದ್ದಿತ್ತು. ಕ್ಲಾಸು ಶುರು ಮಾಡಿದಂದಿನಿಂದ ಆ ಹೊತ್ತಿನಲ್ಲಿ ನಾನು ಮೈದಾನದಲ್ಲಿ ನಿಂತದ್ದು ಅದೇ ಮೊದಲು.

ಮರುದಿನ ವಿನಾಯಕನ ಕ್ಲಾಸಿಗೆ ಹೋದೆ. ಅವನು ಕುರ್ಚಿ ಬಿಟ್ಟು ಎದ್ದು ನಿಂತ. ಕ್ಲಾಸನ್ನು ಬೆಳಿಗ್ಗೆಗೆ ಇಡು ಎಂದೆ.

"ಸರ್, ಐದೂವರಿಗಿ ಮೆದುಳು ಚುರುಕ ಇರ್ತದ ಅಂತ ನೀವೇ ಹೇಳಿದ್ರಲ್ಲ."

"ಸುಳ್ಳು ಹೇಳಿದ್ದೆ."

ಅವನು ನಕ್ಕ, ನಾನು ನಗಲಿಲ್ಲ. ಪಾಲಕರನ್ನು ಕರೆಸು ಎಂದೆ. ಭಾನುವಾರ ಬಂದರು, ಅರ್ಧದಷ್ಟು ಜನ ನನ್ನ ಹಳೆಯ ವಿದ್ಯಾರ್ಥಿಗಳೇ. ನನ್ನ ಕೈಯ ಅಡಿಪಟ್ಟಿ ತಿಂದವರು. ಅವರ ಮುಂದೆ ನಿಂತು ಎಲ್ಲ ಹೇಳಿದೆ. ಕ್ಲಾಸು ಐದೂವರೆಗೆ ಯಾಕಿಟ್ಟೆ, ಉದಗೀರದ ಶನಿವಾರ ಏನು ಮಾಡಿದೆ, ಯಾರ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಮಾತು ಮುಗಿದಾಗ ಕೊನೆಯ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದಳು. ಉದಗೀರಕ್ಕೆ ಹೋಗದೆ ಪರೀಕ್ಷೆ ಬರೆದ ಆ ಮೂವರಲ್ಲಿ ಒಬ್ಬಳು. ನನಗೆ ಗುರುತು ಸಿಕ್ಕಿರಲಿಲ್ಲ. "ನಾ ಅವತ್ತ ಪೇಪರ್‌ನ್ಯಾಗ ಬರೀ ಪ್ರಶ್ನಿ ನಂಬರ್ ಬರದು ಬಂದಿದ್ದೆ ಸರ್. ನೀವು ಬೈತೀರಿ ಅಂತ ಭಾಳ ದಿನ ಹೆದರಿದ್ದೆ," ಎಂದಳು. ಕೂರಲಿಲ್ಲ. ಹಾಗೇ ಬಾಗಿಲು ದಾಟಿ ಹೊರಟುಹೋದಳು.

ಆದದ್ದು ಇಷ್ಟು. ವಿನಾಯಕ ಐದನೆಯ, ಆರನೆಯ ತರಗತಿಯ ಮಕ್ಕಳ ಕ್ಲಾಸನ್ನು ಬೆಳಿಗ್ಗೆಗೆ ಬದಲಿಸಿದ. ದೊಡ್ಡವರದು ಆಗುವುದಿಲ್ಲ ಎಂದ. ಬಜಾರದ ಹಿಂದೆ ಈಗ ಹದಿನೈದು ಮಕ್ಕಳು ಬರುತ್ತಾರೆ, ಒಮ್ಮೊಮ್ಮೆ ಹನ್ನೆರಡು. ಎರಡು ತಂಡಕ್ಕೆ ಸಾಲುವುದಿಲ್ಲ. ಹೊರಟುಹೋದ ಆ ಹೆಣ್ಣುಮಗಳು ಒಂದು ವಾರದ ನಂತರ ತನ್ನ ಮಗಳನ್ನು ತಂದು ಬಿಟ್ಟು, ನನ್ನ ಕಡೆ ನೋಡದೆ ಹೋದಳು. ಅದು ಅವಳ ಹಕ್ಕು.

ನಾನು ದಿನಾ ಹೋಗುತ್ತೇನೆ. ಅಲ್ಲಿ ಧಾನ್ಯ ತೂಗುವ ಕಟ್ಟೆಯ ಮೇಲೆ ಕೂರುತ್ತೇನೆ. ಮನೆಯಲ್ಲಿ ಈಗ ಊಟಕ್ಕೆ ಕೂತರೆ ಆರೋಹಿಯ ಬಾಯಲ್ಲಿ ಸುಮನ ಮ್ಯಾಡಮ್ ಬಿಟ್ಟರೆ ಬೇರೆ ಹೆಸರಿಲ್ಲ. ಉಗುರು ಹೇಗೆ ಕತ್ತರಿಸಬೇಕು, ರೊಟ್ಟಿ ಎಷ್ಟು ತಿನ್ನಬೇಕು, ಎಲ್ಲವೂ ಅವಳ ಅಪ್ಪಣೆ. ನಿನ್ನೆ ಸಂಜೆ ಆರೋಹಿ ಓಡುತ್ತ ತಿರುಗುವಾಗ ಜಾರಿ ಬಿದ್ದಳು. ಮೊಣಕಾಲು ತರಚಿ ರಕ್ತ ಬಂತು. ನಾನು ಕಟ್ಟೆಯಿಂದ ಇಳಿದು ಎರಡು ಹೆಜ್ಜೆ ಹೋಗಿದ್ದೆ. ಅವಳು ಮುಖ ಎತ್ತಿ ನೋಡಿದ್ದು ನನ್ನ ಕಡೆಗಲ್ಲ, ಸುಮನಳ ಕಡೆಗೆ. ಸುಮನ ಇದ್ದಲ್ಲಿಂದಲೇ ಗದ್ದ ಎತ್ತಿ ಏಳು ಎಂಬಂತೆ ಸನ್ನೆ ಮಾಡಿದಳು. ಆರೋಹಿ ಲಂಗದ ಧೂಳು ಕೊಡವಿಕೊಂಡು ಎದ್ದು ಓಡಿದಳು.

ಹೊಟ್ಟೆಯಲ್ಲಿ ಭಗ್ ಎಂದಿತು. ಆ ಉರಿಯ ಗುರುತು ನನಗೆ ಚೆನ್ನಾಗಿ ಇದೆ. ಮೂವತ್ತು ವರ್ಷದಲ್ಲಿ ಒಂದಿಷ್ಟೂ ಆರಿಲ್ಲ. ಉರಿಯಲಿ ಎಂದು ಬಿಟ್ಟು, ತಿರುಗಿ ಹೋಗಿ ಕಟ್ಟೆಯ ಮೇಲೆ ಕೂತೆ.